ವಿಧವೆಯ ಹೆಸರು, ಹುಡುಗನ ಕೈಬರಹ: ಗುಪ್ತನಾಮದ ರಾಜಕೀಯ ಬರವಣಿಗೆಯಲ್ಲಿ ದಿನನಿತ್ಯದ ಬದುಕು

ರಾಜಕೀಯದ ಬಗ್ಗೆ ಬರೆಯುವವರು ಹೆಸರು ಮರೆಸಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಭಯ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಹೆಸರು ಮುಚ್ಚಿಟ್ಟವರಲ್ಲಿ ಎಷ್ಟೋ ಮಂದಿ ಆಳುವವರನ್ನು ಟೀಕಿಸಿ ಸುಮ್ಮನಾಗುವುದಿಲ್ಲ. ಮನೆಯ ಖರ್ಚು, ಮಕ್ಕಳ ಓದು, ನೆರೆಹೊರೆಯವರ ಉಡುಗೆತೊಡುಗೆ, ಸಂಜೆಯ ತಿರುಗಾಟ ಎಲ್ಲವನ್ನೂ ಅದೇ ಬರವಣಿಗೆಯೊಳಗೆ ತರುತ್ತಾರೆ. ಅಡಗುವುದೊಂದೇ ಗುರಿಯಾಗಿದ್ದರೆ ಇದು ತಿಳಿಗೇಡಿತನ. ಮನೆಯ ವಿವರ ಹೆಚ್ಚಿದಷ್ಟೂ ಬರೆದವರ ಜಾಡು ಹಿಡಿಯುವುದು ಸುಲಭವಾಗುತ್ತದೆ. ಹಾಗಾದರೆ ಗುಪ್ತನಾಮಕ್ಕೂ ದಿನನಿತ್ಯದ ಬದುಕಿಗೂ ಇರುವ ನಂಟು ಯಾವುದು? 1722ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಹದಿನಾಲ್ಕು ಪತ್ರಗಳನ್ನು ಆಧಾರವಾಗಿಟ್ಟುಕೊಂಡು ಈ ಲೇಖನ ಆ ನಂಟನ್ನು ಪರಿಶೀಲಿಸುತ್ತದೆ.

ಈ ಕ್ಷೇತ್ರದಲ್ಲಿ ಆಗಿರುವ ಚರ್ಚೆ ಪರಿಚಿತವೇ. ಲಿಯೋ ಸ್ಟ್ರಾಸ್ 1952ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ದಂಡನೆಯ ಭಯವು ಬರವಣಿಗೆಯ ರೂಪವನ್ನೇ ಬದಲಿಸುತ್ತದೆ ಎಂದು ವಾದಿಸಿದರು. ಬರಹಗಳಿಗೆ ಕರ್ತೃ ಎಂಬುವನೊಬ್ಬ ಅಂಟಿಕೊಂಡದ್ದು ಅವನನ್ನು ಶಿಕ್ಷಿಸಲು ಸಾಧ್ಯವಾದಾಗ ಎಂಬುದು 1969ರ ಉಪನ್ಯಾಸದಲ್ಲಿ ಮಿಶೆಲ್ ಫೂಕೋ ಹೇಳಿದ ಮಾತು. ಜಾನ್ ಮುಲನ್ ಇದಕ್ಕೆ ಬೇರೆಯದೇ ಮುಖ ತೋರಿಸಿದರು. ಇಂಗ್ಲಿಷ್ ಸಾಹಿತ್ಯದ ಅನಾಮಿಕರಲ್ಲಿ ಅನೇಕರು ಓದುಗರ ಕುತೂಹಲ ಕೆರಳಿಸಲು, ಕೊನೆಗೆ ಪತ್ತೆಯಾಗಲೆಂದೇ ಅಡಗಿದ್ದರು ಎಂಬುದು ಅವರ ನಿಲುವು. ಕನ್ನಡದ ಮಟ್ಟಿಗೆ ಕಾವ್ಯನಾಮ ಅಡಗುತಾಣವಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂಬಿಕಾತನಯದತ್ತ ಎಂದರೆ ಬೇಂದ್ರೆ ಎಂದು ಗೊತ್ತಿಲ್ಲದವರಿರಲಿಲ್ಲ. 'ನರಬಲಿ' ಕವಿತೆಗಾಗಿ ಅವರನ್ನು ಸೆರೆಗೆ ಕಳಿಸಿದ ಸರ್ಕಾರಕ್ಕೂ ಗೊತ್ತಿತ್ತು. ನಿಜವಾಗಿ ಅಡಗಿದವರು ಮುದ್ದಣ, ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. ಹೆಸರು ಮರೆಸಿ ಬರೆದ ಅವರ ಕೃತಿಯಲ್ಲೇ ಗಂಡಹೆಂಡಿರ ಸಲ್ಲಾಪ ಅಷ್ಟು ಧಾರಾಳವಾಗಿ ಬಂದದ್ದು ಕಾಕತಾಳೀಯವೇ ಎಂಬ ಪ್ರಶ್ನೆಯನ್ನು ಇಲ್ಲಿ ಸುಮ್ಮನೆ ಎತ್ತಿಟ್ಟು ಮುಂದೆ ಹೋಗುತ್ತೇನೆ.

ನನ್ನ ತಕರಾರು ಮೈಕೆಲ್ ವಾರ್ನರ್ ಅವರೊಂದಿಗೆ. 1990ರಲ್ಲಿ ಬಂದ ಅವರ ಪುಸ್ತಕ ಹದಿನೆಂಟನೆಯ ಶತಮಾನದ ಅಮೆರಿಕದ ಮುದ್ರಣ ಸಂಸ್ಕೃತಿಯನ್ನು ಕುರಿತದ್ದು. ಅದರ ತಿರುಳನ್ನು ಹೀಗೆ ಸಂಗ್ರಹಿಸಬಹುದು: ಸಾರ್ವಜನಿಕವಾಗಿ ಆಡಿದ ಮಾತಿನ ಬೆಲೆ ಆಡಿದವನ ವ್ಯಕ್ತಿತ್ವಕ್ಕೆ ವಿಲೋಮವಾಗಿರುತ್ತದೆ. ವ್ಯಕ್ತಿ ಹಿಂದೆ ಸರಿದಾಗ ಮಾತ್ರ ಮಾತು ಎಲ್ಲರದೂ ಆಗುತ್ತದೆ, ಗುಪ್ತನಾಮ ಆ ಸರಿಯುವಿಕೆಯ ಸಾಧನ. ಪಬ್ಲಿಯಸ್, ಕೇಟೋ ಮುಂತಾದ ರೋಮನ್ ಹೆಸರುಗಳಲ್ಲಿ ಬಂದ ರಾಜಕೀಯ ಪ್ರಬಂಧಗಳಿಗೆ ಈ ಸೂತ್ರ ಚೆನ್ನಾಗಿ ಹೊಂದುತ್ತದೆ. ಕೇಟೋನ ಹೆಂಡತಿ ಮಕ್ಕಳ ಸುದ್ದಿ ಯಾರಿಗೂ ಬೇಕಿಲ್ಲ. ಆದರೆ ಸೈಲೆನ್ಸ್ ಡೂಗುಡ್ ಎಂಬ ವಿಧವೆಗೆ ಇದೇ ಅಳತೆ ಹಿಡಿದರೆ ಏನಾಗುತ್ತದೆ?

ಮೊದಲು ಸಂದರ್ಭ. ಜೇಮ್ಸ್ ಫ್ರಾಂಕ್ಲಿನ್ 1721ರ ಆಗಸ್ಟಿನಲ್ಲಿ 'ನ್ಯೂ ಇಂಗ್ಲೆಂಡ್ ಕೊರಾಂಟ್' ಪತ್ರಿಕೆ ಆರಂಭಿಸಿದ. ಊರಿನಲ್ಲಿ ಆಗ ಸಿಡುಬು. ಸಿಡುಬಿನ ಕೀವನ್ನು ಆರೋಗ್ಯವಂತರ ಮೈಗೆ ಹಾಕುವ ಹೊಸ ಚಿಕಿತ್ಸೆಯನ್ನು ಪಾದ್ರಿ ಕಾಟನ್ ಮ್ಯಾಥರ್ ಬೆಂಬಲಿಸಿದರು, ಪತ್ರಿಕೆ ವಿರೋಧಿಸಿತು. (ವೈದ್ಯಕೀಯವಾಗಿ ಪಾದ್ರಿಯೇ ಸರಿ ಎಂಬುದನ್ನು ಪತ್ರಿಕೆಯ ಅಭಿಮಾನಿಗಳು ಮರೆಯುವುದುಂಟು.) ಅದೇ ಅಚ್ಚುಕೂಟದಲ್ಲಿ ಜೇಮ್ಸನ ತಮ್ಮ ಬೆಂಜಮಿನ್ ಕರಾರಿಗೆ ಕಟ್ಟುಬಿದ್ದ ಕೆಲಸಗಾರ, ವಯಸ್ಸು ಹದಿನಾರು. 1722ರ ಏಪ್ರಿಲ್ 2ರಿಂದ ಅಕ್ಟೋಬರ್ 8ರವರೆಗೆ ಅವನು ಡೂಗುಡ್ ಹೆಸರಿನಲ್ಲಿ ಹದಿನಾಲ್ಕು ಪತ್ರ ಬರೆದ. ಕೈಬರಹ ಮರೆಸಿ ಬರೆದು ರಾತ್ರಿ ಅಚ್ಚುಕೂಟದ ಬಾಗಿಲಡಿ ತೂರಿಸಿದ್ದನ್ನು, ಅಣ್ಣನ ಗೆಳೆಯರು ಅದನ್ನು ತನ್ನೆದುರೇ ಓದಿ ಮೆಚ್ಚಿ, ಊರಿನ ವಿದ್ವಾಂಸರ ಹೆಸರುಗಳನ್ನೇ ಊಹಿಸುತ್ತ ಕುಳಿತದ್ದನ್ನು ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ವಿಧವೆಯ ಹೆಸರೇ ಊರೊಳಗಿನ ಕುಟುಕು. 'ಬೋನಿಫೇಷಿಯಸ್' ಎಂಬ ಹೆಸರಿನಲ್ಲಿ ಒಳಿತು ಮಾಡುವುದನ್ನು ಕುರಿತ ಪ್ರಬಂಧಗಳನ್ನು 1710ರಲ್ಲೂ, ಮೌನವನ್ನು ಕುರಿತ ಪ್ರವಚನವನ್ನು 1721ರಲ್ಲೂ ಅಚ್ಚು ಹಾಕಿಸಿದ್ದವರು ಅದೇ ಮ್ಯಾಥರ್.

ಮೊದಲ ಪತ್ರ ತೆರೆದುಕೊಳ್ಳುವುದೇ ಒಂದು ದೂರಿನಿಂದ. ಬರೆದವನು ಬಡವನೋ ಸಿರಿವಂತನೋ, ಮುದುಕನೋ ಹರೆಯದವನೋ, ಪಂಡಿತನೋ ಚರ್ಮದ ಏಪ್ರನ್ನು ಕಟ್ಟುವ ಕಸುಬುದಾರನೋ ಎಂದು ತಿಳಿಯುವ ತನಕ ಈ ಕಾಲದ ಜನ ಓದಿದ್ದನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ ಎನ್ನುತ್ತಾಳೆ ಡೂಗುಡ್. ಆದ್ದರಿಂದ ತನ್ನ ಬದುಕಿನ ವೃತ್ತಾಂತ ಹೇಳುತ್ತೇನೆ ಎಂದು ಶುರು ಮಾಡುತ್ತಾಳೆ. ಹುಟ್ಟಿದ್ದು ಲಂಡನ್ನಿನಿಂದ ಬರುತ್ತಿದ್ದ ಹಡಗಿನಲ್ಲಿ. ಮಗಳು ಹುಟ್ಟಿದ ಸಂತೋಷದಲ್ಲಿ ಅಟ್ಟದ ಮೇಲೆ ನಿಂತಿದ್ದ ತಂದೆಯನ್ನು ಅಲೆಯೊಂದು ಸೆಳೆದೊಯ್ಯಿತು. ಹಳ್ಳಿಯ ಪಾದ್ರಿಯೊಬ್ಬರ ಮನೆಯಲ್ಲಿ ಬೆಳೆದಳು, ಅವರನ್ನೇ ಮದುವೆಯಾದಳು, ಈಗ ವಿಧವೆ. ಇಷ್ಟೆಲ್ಲ ಆದ ಮೇಲೆಯೇ, ಎರಡನೆಯ ಪತ್ರದಲ್ಲಿ, ತಾನು ನಿರಂಕುಶ ಅಧಿಕಾರದ ಕಡುವೈರಿ ಎಂಬ ರಾಜಕೀಯ ಘೋಷಣೆ ಬರುವುದು.

ವಾರ್ನರ್ ಅವರ ಸೂತ್ರ ಇಲ್ಲಿ ಇಕ್ಕಟ್ಟಿಗೆ ಸಿಗುತ್ತದೆ. ಓದುಗರಿಗೆ ವ್ಯಕ್ತಿ ಬೇಕು ಎಂಬುದನ್ನು ಪತ್ರ ಬಾಯಿಬಿಟ್ಟು ಹೇಳುತ್ತದೆ, ಕೇಳಿದ್ದನ್ನು ಕೊಡುತ್ತದೆ. ಈ ಗುಪ್ತನಾಮ ವ್ಯಕ್ತಿಯನ್ನು ಅಳಿಸುತ್ತಿಲ್ಲ, ತೂಗಿ ನೋಡಲು ಬರುವಂಥ ಇನ್ನೊಬ್ಬ ವ್ಯಕ್ತಿಯನ್ನು ಒದಗಿಸುತ್ತಿದೆ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದುಂಟು. ಡೂಗುಡ್‌ಳ ಪೀಠಿಕೆ ಎರವಲು ತಂದದ್ದು. ಅಡಿಸನ್ ಮತ್ತು ಸ್ಟೀಲ್ ಅವರ 'ಸ್ಪೆಕ್ಟೇಟರ್' ಪತ್ರಿಕೆಯ 1711ರ ಮೊದಲ ಸಂಚಿಕೆಯೂ ಓದುಗನ ಇದೇ ಕುತೂಹಲದಿಂದ ಆರಂಭವಾಗುತ್ತದೆ. ಆ ಪತ್ರಿಕೆಯ ಗದ್ಯವನ್ನು ಬಿಚ್ಚಿ, ಮತ್ತೆ ಕಟ್ಟಿ ತಾನು ಬರೆಯಲು ಕಲಿತೆ ಎಂದು ಫ್ರಾಂಕ್ಲಿನ್ ಸ್ವತಃ ಹೇಳಿದ್ದಾನೆ. ಹಾಗಿದ್ದರೆ ನಾನು ಸಾಕ್ಷ್ಯವೆಂದು ಹಿಡಿದಿರುವುದು ಆ ಕಾಲದ ಪ್ರಬಂಧಕಾರರ ಮಾಮೂಲು ವರಸೆಯಷ್ಟೇ ಆಗಬಹುದು.

ಆದರೆ ಎರವಲಿನಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಎರಡನ್ನೂ ಎದುರಿಟ್ಟು ನೋಡಬೇಕು. ಲಂಡನ್ನಿನ ಓದುಗ ಕೇಳುವುದು ಬರೆದವನ ಮೈಬಣ್ಣ, ಸ್ವಭಾವ, ಮದುವೆಯಾಗಿದೆಯೋ ಇಲ್ಲವೋ ಎಂಬಂಥವನ್ನು. ಬಾಸ್ಟನ್ನಿನ ಓದುಗ ಕೇಳುವುದು ಹಣ, ವಯಸ್ಸು, ವಿದ್ಯೆ, ಕಸುಬು. ಮೊದಲನೆಯದು ಮನುಷ್ಯನ ಚಹರೆಯ ಬಗೆಗಿನ ಕುತೂಹಲ, ಎರಡನೆಯದು ಮಾತಾಡುವ ಯೋಗ್ಯತೆಯ ತಪಾಸಣೆ. ಪಟ್ಟಿ ತಿದ್ದಿದವನಾದರೋ ಬಡವ, ಹರೆಯದವ, ಕಾಲೇಜು ಕಾಣದವ, ಕಸುಬುದಾರ. ನಾಲ್ಕರಲ್ಲೂ ತಪ್ಪಿನ ಕಡೆಗೆ ಬೀಳುವವನು. ಹುಡುಗ ಬೇಕೆಂದೇ ಹೀಗೆ ತಿದ್ದಿದ ಎಂದು ಸಾಧಿಸಲಾರೆ, ಆ ವಾಕ್ಯ ಅವನಿಗೆ ಯಾರ ಹರಟೆಯಿಂದಾದರೂ ಸಿಕ್ಕಿರಬಹುದು. ಆದರೂ ತಿದ್ದುಪಡಿ ಬಿದ್ದಿರುವ ಜಾಗ ಆಕಸ್ಮಿಕವೆಂದು ಒಪ್ಪುವುದು ಕಷ್ಟ.

ನಾಲ್ಕನೆಯ ಪತ್ರ ಈ ಓದಿಗೆ ಇನ್ನೂ ಗಟ್ಟಿಯಾದ ಆಧಾರ. ಡೂಗುಡ್‌ಳ ಮನೆಯಲ್ಲಿ ಕ್ಲೆರಿಕಸ್ ಎಂಬ ಪಾದ್ರಿ ಊಟ ವಸತಿಗೆ ಹಣ ಕೊಟ್ಟುಕೊಂಡಿದ್ದಾನೆ. ಮಗ ವಿಲಿಯಂನನ್ನು ಹಾರ್ವರ್ಡ್ ಕಾಲೇಜಿಗೆ ಕಳಿಸಲೇ ಎಂದು ಅವಳು ಅವನನ್ನು ಕೇಳುತ್ತಾಳೆ, ಕಳಿಸು ಎನ್ನುತ್ತಾನೆ. ಅದೇ ಯೋಚನೆಯಲ್ಲಿ ತೋಟದ ಮರದಡಿ ಮಲಗಿದವಳಿಗೆ ಕನಸು. ವಿದ್ಯೆಯ ದೇಗುಲದ ಬಾಗಿಲಲ್ಲಿ ಸಿರಿತನ, ಬಡತನ ಎಂಬ ಇಬ್ಬರು ಕಾವಲುಗಾರರು. ಸಿರಿತನದ ಒಪ್ಪಿಗೆಯಿದ್ದವರು ಒಳಗೆ, ಬಡತನದ ಪಾಲಾದವರು ಹೊರಗೆ. ಒಳಹೊಕ್ಕ ಬಹುಪಾಲು ಮಂದಿ ಬರೀ ದಡ್ಡರು. ಈಗ ಬರೆದವನ ಕಡೆ ತಿರುಗಿ. ಮೇಣದಬತ್ತಿ, ಸಾಬೂನು ಮಾಡುತ್ತಿದ್ದ ತಂದೆ ಬೆಂಜಮಿನ್ನನನ್ನು ಪಾದ್ರಿ ಮಾಡಬೇಕೆಂದು ವ್ಯಾಕರಣ ಶಾಲೆಗೆ ಹಾಕಿ, ಕಾಲೇಜಿನ ಖರ್ಚು ತಮ್ಮಿಂದಾಗದೆಂದು ವರ್ಷದೊಳಗೇ ಬಿಡಿಸಿದ್ದ. ಅಚ್ಚುಕೂಟದ ಹುಡುಗ ತನ್ನ ಹೆಸರಿನಲ್ಲಿ ಹಾರ್ವರ್ಡನ್ನು ಬೈದಿದ್ದರೆ ಊರು ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುತ್ತಿತ್ತು. ಮಗನ ಓದಿಗೆ ಹಣ ಹೊಂದಿಸಬೇಕಾದ ತಾಯಿ ಕೇಳಿದಾಗ ಅದು ಸಂಸಾರಸ್ಥರೆಲ್ಲರ ಪ್ರಶ್ನೆ. ಅದೇ ದೂರು, ಅವೇ ಸಂಗತಿಗಳು, ಆದರೆ ದೂರಿಗೆ ಈಗ ಹಕ್ಕುದಾರಳೊಬ್ಬಳು ಸಿಕ್ಕಿದ್ದಾಳೆ.

ಆದ್ದರಿಂದ ನನ್ನ ವಾದ ಇಷ್ಟು: ರಾಜಕೀಯವನ್ನೂ ದಿನನಿತ್ಯವನ್ನೂ ಒಟ್ಟಿಗೆ ಬರೆಯುವ ಗುಪ್ತನಾಮದಲ್ಲಿ ಮನೆಯ ವಿವರ ಅಲಂಕಾರವಲ್ಲ, ಅದು ಅಭಿಪ್ರಾಯ ಹೇಳುವ ಅರ್ಹತೆಯ ಪುರಾವೆ. ಬರೆಯುವವರಿಗೆ ತಮ್ಮ ಸ್ವಂತ ಸ್ಥಾನದಿಂದ ಸಿಗದ ಅರ್ಹತೆಯನ್ನು ಇನ್ನೊಂದು ಬದುಕಿನಿಂದ ಪಡೆಯುವುದೇ ಇಂಥ ಹೆಸರಿನ ಮುಖ್ಯ ಕೆಲಸ. 'ಮುಖ್ಯ' ಎಂದಿದ್ದೇನೆ, 'ಏಕೈಕ' ಎಂದಿಲ್ಲ. ಹದಿನಾಲ್ಕೂ ಪತ್ರಗಳಿಗೆ ಇದು ಒಂದೇ ಸಮನೆ ಹೊಂದುವುದೂ ಇಲ್ಲ. ಹೆಂಗಸರ ಬಳೆಲಂಗದ ಮೇಲಿನ ಆರನೆಯ ಪತ್ರ, ಕುಡಿತದ ಮೇಲಿನ ಹನ್ನೆರಡನೆಯದು, ಬೆಳದಿಂಗಳಲ್ಲಿ ಊರು ಸುತ್ತಿದ ಹದಿಮೂರನೆಯದು ಹೆಚ್ಚಾಗಿ ನಗಿಸಲು ಬರೆದವು. ಎಂಟನೆಯ ಪತ್ರವಂತೂ ವಾರ್ನರ್ ಅವರ ಪಕ್ಷಕ್ಕೇ ಸಲ್ಲುತ್ತದೆ. 1722ರ ಜೂನಿನಲ್ಲಿ, ಕಡಲ್ಗಳ್ಳರ ಬೆನ್ನಟ್ಟಲು ಸರ್ಕಾರ ತಡಮಾಡುತ್ತಿದೆ ಎಂದು ಚುಚ್ಚಿದ ಸುದ್ದಿಗಾಗಿ ಜೇಮ್ಸ್ ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದ. ಆ ಹೊತ್ತಿನ, ಜುಲೈ 9ರ ಪತ್ರದಲ್ಲಿ ವಿಧವೆಯ ಸಂಸಾರದ ಸುಳಿವೇ ಇಲ್ಲ. ವಾಕ್ ಸ್ವಾತಂತ್ರ್ಯದ ಬಗ್ಗೆ 'ಲಂಡನ್ ಜರ್ನಲ್' ಪತ್ರಿಕೆಯಲ್ಲಿ ಬಂದಿದ್ದ ಕೇಟೋನ ಮಾತುಗಳನ್ನು ಎತ್ತಿ ಕೊಟ್ಟಿದ್ದಾಳೆ ಅಷ್ಟೆ. ಅಪಾಯ ಹೊಸ್ತಿಲಿಗೆ ಬಂದಾಗ ಬದುಕು ಹಿಂದೆ ಸರಿದು ಯಾರದೂ ಅಲ್ಲದ ದನಿ ಮುಂದೆ ಬಂತು.

ಭಯದ ವಾದಕ್ಕೆ ಇದರಿಂದ ಬಲ ಬರುತ್ತದೆಯೇ? ಸೆರೆಗೆ ಹೋದವನು ಯಾರು ಎಂದು ನೋಡಿದರೆ ಇಲ್ಲ. ಕಾನೂನು ಹಿಡಿದದ್ದು ಮುದ್ರಕನನ್ನು. 1723ರ ಜನವರಿಯಲ್ಲಿ ಜೇಮ್ಸ್ ಪತ್ರಿಕೆ ಮುದ್ರಿಸಕೂಡದೆಂದು ನಿರ್ಬಂಧ ಬಂದಾಗ ಅವನು ಹುಡುಕಿದ ದಾರಿ ಕುತೂಹಲಕಾರಿ: ಪತ್ರಿಕೆಯನ್ನು ಬೆಂಜಮಿನ್ ಫ್ರಾಂಕ್ಲಿನ್ ಹೆಸರಿನಲ್ಲಿ ಹೊರಡಿಸಿದ. ತೋರಿಕೆಗೆ ತಮ್ಮನ ಕರಾರುಪತ್ರದ ಬೆನ್ನಿಗೆ ಬಿಡುಗಡೆ ಬರೆದುಕೊಟ್ಟು, ಒಳಗೊಳಗೆ ಹೊಸ ಕರಾರು ಮಾಡಿಕೊಂಡ. ಹುಡುಗ ಅದೇ ವರ್ಷ ಊರು ಬಿಟ್ಟು ಓಡಿದ ಮೇಲೂ ಪತ್ರಿಕೆಯ ಮೇಲೆ ಅವನ ಹೆಸರೇ ಇತ್ತು. ಅಂದರೆ ಅಧಿಕಾರಿಗಳೆದುರು ಗುರಾಣಿಯಾದದ್ದು ಕಟ್ಟುಕತೆಯ ವಿಧವೆಯಲ್ಲ, ಹುಡುಗನ ನಿಜವಾದ ಹೆಸರು. ಡೂಗುಡ್ ಅವನನ್ನು ಮರೆಸಿದ್ದು ಅಣ್ಣನಿಂದ. ತಮ್ಮ ಬರೆದದ್ದೆಂದು ಗೊತ್ತಾದರೆ ಅಣ್ಣ ಅಚ್ಚು ಹಾಕಲಾರ ಎಂಬ ಶಂಕೆಯೇ ಅವನನ್ನು ಕೈಬರಹ ಬದಲಿಸುವಂತೆ ಮಾಡಿತ್ತು.

ನಮ್ಮ ದೇಶದ ಪತ್ರಿಕಾ ಕಾನೂನಿನ ಸ್ವರೂಪವೂ ಇದಕ್ಕೆ ಹತ್ತಿರ. 1867ರ ಕಾಯಿದೆ ಕೇಳಿದ್ದು ಮುದ್ರಕನ, ಪ್ರಕಾಶಕನ ಹೆಸರು. ಆದರೆ ನೌಕರಿಯಲ್ಲಿರುವವರ ಪಾಡು ಬೇರೆ, ಅಲ್ಲಿ ಭಯದ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಸರ್ಕಾರಿ ಶಾಲೆಗಳ ತನಿಖಾಧಿಕಾರಿಯಾಗಿದ್ದ ಧನಪತ್ ರಾಯ್ 'ಸೋಜ್-ಎ-ವತನ್' ಸಂಕಲನದ ಪ್ರತಿಗಳು ಸುಡಲ್ಪಟ್ಟ ಮೇಲೆ, 1910ರಲ್ಲಿ ಪ್ರೇಮಚಂದರಾದರು. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ ಒಂಬತ್ತನೆಯದು ಸ್ವಂತ ಹೆಸರಲ್ಲಷ್ಟೇ ಅಲ್ಲ, ಅನಾಮಿಕವಾಗಿ, ಗುಪ್ತನಾಮದಲ್ಲಿ, ಬೇರೆಯವರ ಹೆಸರಲ್ಲಿ ಸರ್ಕಾರದ ಧೋರಣೆಯನ್ನು ಟೀಕಿಸುವುದನ್ನೂ ನಿಷೇಧಿಸುತ್ತದೆ. ನಿಯಮ ಬರೆದವರು ಗುಮಾಸ್ತರ ಲೇಖನಿಯ ಜಾಣತನವನ್ನು ಚೆನ್ನಾಗಿ ಬಲ್ಲವರು.

ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಒಡ್ಡುವುದು 2009ರ ಗುಲ್ ಮಕಾಯಿ. ಆ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಬಿಬಿಸಿ ಉರ್ದು ವಿಭಾಗ ಪ್ರಕಟಿಸಿದ, ಸ್ವಾತ್ ಕಣಿವೆಯ ಶಾಲಾ ಬಾಲಕಿಯ ದಿನಚರಿ ಅದು. ಜನವರಿ 15ರ ನಂತರ ಹುಡುಗಿಯರು ಶಾಲೆಗೆ ಹೋಗಕೂಡದೆಂದು ತಾಲಿಬಾನ್ ಕಟ್ಟಪ್ಪಣೆ ಹೊರಡಿಸಿತ್ತು. ಬರೆದ ಮಲಾಲಾ ಯೂಸುಫ್‌ಝೈಗೆ ಆಗ ಹನ್ನೊಂದು ವರ್ಷ. ಪಶ್ತೂನ್ ಜನಪದ ಕತೆಯಿಂದ ಬಂದ ಆ ಹೆಸರಿನ ಹಿಂದಿದ್ದ ಭಯ ನೂರಕ್ಕೆ ನೂರು ನಿಜ, 2012ರ ಗುಂಡೇಟು ಅದನ್ನು ಆಮೇಲೆ ತೋರಿಸಿತು. ಹಾಗಿದ್ದೂ ದಿನಚರಿಯಲ್ಲಿ ತುಂಬಿರುವುದು ಬೇರೆ ಯಾರದೋ ಬದುಕಲ್ಲ, ಅವಳದೇ: ಸಮವಸ್ತ್ರ ಬೇಡವೆಂದಾಗ ತೊಟ್ಟ ನೆಚ್ಚಿನ ಗುಲಾಬಿ ಬಣ್ಣದ ಉಡುಪು, ತರಗತಿಯಲ್ಲಿ ಕರಗುತ್ತಿದ್ದ ಹಾಜರಿ. ಸಹಪಾಠಿಗಳು ಆ ದಿನಚರಿಯ ಬಗ್ಗೆ ಅವಳೆದುರೇ ಮಾತಾಡಿಕೊಂಡರು. ಒಬ್ಬಳು ಅದರ ಪ್ರತಿಯನ್ನು ತಂದು ಮಲಾಲಾಳ ತಂದೆಗೇ ತೋರಿಸಿದಳು, ಚೆನ್ನಾಗಿದೆ ಎಂದು ಅವರು ನಕ್ಕು ಸುಮ್ಮನಾದರು. ಇಲ್ಲಿ ಬರೆದವಳ ನಿಜವಾದ ಸ್ಥಾನವೇ ಅರ್ಹತೆ. ಶಾಲೆಗೆ ಹೋಗುವ ಹುಡುಗಿಗಿಂತ ಹೆಚ್ಚಿನ ಹಕ್ಕುದಾರಳು ಆ ವಿಷಯದಲ್ಲಿ ಇರಲಿಲ್ಲ. ಆದ್ದರಿಂದ ಬದುಕನ್ನು ಬದಲಿಸಲಾಗುವಂತಿರಲಿಲ್ಲ, ವಿಳಾಸವನ್ನಷ್ಟೇ ತೆಗೆಯಬೇಕಿತ್ತು. 1711ರ ಸ್ಪೆಕ್ಟೇಟರ್ ಮಹಾಶಯ ತನ್ನ ವೃತ್ತಾಂತ ಹೇಳಿ, ಹೆಸರು, ವಯಸ್ಸು, ವಾಸದ ಮನೆ ಈ ಮೂರನ್ನು ಮಾತ್ರ ಹೇಳಲಾರೆ ಎಂದಿದ್ದ. ಅವನಿಗದು ವಿನೋದ, ಇವಳಿಗೆ ಜೀವದ ಪ್ರಶ್ನೆ. ಭಯವೂ ಅರ್ಹತೆಯೂ ಒಂದೇ ಹೆಸರಿನಲ್ಲಿ ಕೂಡಿ ಕೆಲಸ ಮಾಡಬಲ್ಲವು ಎಂದು ಇದರಿಂದ ನನ್ನ ವಾದವನ್ನು ಸಡಿಲಿಸಿಕೊಳ್ಳುತ್ತೇನೆ. ಡೂಗುಡ್‌ಳ ಮಾದರಿಯನ್ನು ಇಲ್ಲಿಗೆ ಇಡಿಯಾಗಿ ತಂದು ಹೇರಲು ಬರುವುದಿಲ್ಲ.

ಇದಕ್ಕೆ ತೀರ ತಿರುಗುಮುರುಗಾದ ಉದಾಹರಣೆಯೂ ಇದೆ. 1937ರ ನವೆಂಬರಿನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ಚಾಣಕ್ಯ' ಎಂಬಾತ ಜವಾಹರಲಾಲ್ ನೆಹರೂ ಸರ್ವಾಧಿಕಾರಿಯಾಗುವ ಅಪಾಯದ ಬಗ್ಗೆ ಎಚ್ಚರಿಸಿದ. ಬರೆದವರು ನೆಹರೂ ಅವರೇ. ಅವರಿಗಿದ್ದ ತೊಡಕು ಅರ್ಹತೆಯ ಕೊರತೆಯಲ್ಲ, ಅದರ ಅತಿಯಾದ ಭಾರ. ಚಾಣಕ್ಯನಿಗೆ ಮನೆಯಿಲ್ಲ, ಮಠವಿಲ್ಲ. ವಾರ್ನರ್ ಅವರ ಸೂತ್ರ ಚಾಣಕ್ಯನ ಲೇಖನಕ್ಕೆ ಒಪ್ಪುವಷ್ಟು ಡೂಗುಡ್ ಪತ್ರಗಳಿಗೆ ಒಪ್ಪುವುದಿಲ್ಲ. ಮೊದಲೇ ಎತ್ತರದಲ್ಲಿ ನಿಂತವರು ವ್ಯಕ್ತಿಯನ್ನು ಕಳಚಿಡಲು, ಕೆಳಗಿರುವವರು ವ್ಯಕ್ತಿಯೊಬ್ಬರನ್ನು ತೊಡಲು ಗುಪ್ತನಾಮವನ್ನು ಬಳಸುತ್ತಾರೆಂದು ಊಹಿಸಲು ಅವಕಾಶವಿದೆ. ಮೂರು ನಾಲ್ಕು ಉದಾಹರಣೆಗಳ ಮೇಲೆ ಊಹೆಗಿಂತ ಹೆಚ್ಚಿನದನ್ನು ಕಟ್ಟಲಾಗದು.

ಉಳಿದಿರುವ ತೊಡಕುಗಳು ಸಣ್ಣವಲ್ಲ. ಅಚ್ಚುಕೂಟದ ಆ ದೃಶ್ಯಕ್ಕೆ ನಮಗಿರುವ ಸಾಕ್ಷಿ ಫ್ರಾಂಕ್ಲಿನ್ 1771ರಲ್ಲಿ, ಸುಮಾರು ಐವತ್ತು ವರ್ಷಗಳ ನಂತರ, ಅರವತ್ತೈದರ ವಯಸ್ಸಿನಲ್ಲಿ ಬರೆಯತೊಡಗಿದ ಆತ್ಮಕಥೆ. ಅಲ್ಲಿಯೂ ಡೂಗುಡ್ ಹೆಸರಿಲ್ಲ, ಆ ಹೆಸರು ಇರುವುದು ಅದಕ್ಕಾಗಿ ಹಾಕಿಕೊಂಡಿದ್ದ ಟಿಪ್ಪಣಿಯಲ್ಲಿ. ಬಾಸ್ಟನ್ನಿನ ಓದುಗರು ವಿಧವೆಯನ್ನು ನಿಜವೆಂದೇ ನಂಬಿದರೋ, ವೇಷವೆಂದು ತಿಳಿದೇ ಅವಳಿಗೆ ಮಾತಾಡುವ ಹಕ್ಕು ಕೊಟ್ಟರೋ ಎಂಬುದು ನನ್ನ ವಾದಕ್ಕೆ ನಿರ್ಣಾಯಕ. ಗೆಳೆಯರು ಗಂಡಸರ ಹೆಸರುಗಳನ್ನೇ ಊಹಿಸಿದ್ದನ್ನು ನೋಡಿದರೆ ಎರಡನೆಯದೇ ಹೆಚ್ಚು ಸಂಭವ. ಹಾಗಿದ್ದಲ್ಲಿ ಅರ್ಹತೆ ಹುಟ್ಟಿದ್ದು ನಂಬಿಕೆಯಿಂದಲ್ಲ, ಓದುಗರೂ ಬರೆದವನೂ ಸೇರಿ ಆಡಿದ ಆಟದಿಂದ ಎಂದಾಗುತ್ತದೆ. ಕನ್ನಡದ ಹಳೆಯ ವಾರಪತ್ರಿಕೆಗಳಲ್ಲಿ ಹೆಂಗಸರ ಹೆಸರಿನಲ್ಲಿ ಬಂದ ಓದುಗರ ಪತ್ರಗಳನ್ನು, ಅವು ಯಾರು ಬರೆದವೆಂಬ ಪತ್ತೇದಾರಿಕೆಯನ್ನು ಬದಿಗಿಟ್ಟು, ಅವುಗಳಲ್ಲಿ ಮನೆಯ ಮಾತು ಎಲ್ಲಿ ನಿಂತು ರಾಜಕೀಯ ಎಲ್ಲಿ ಶುರುವಾಗುತ್ತದೆ ಎಂಬ ದೃಷ್ಟಿಯಿಂದ ಓದಿದರೆ ಈ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಬಹುದು.