ಕಡಲಕಳೆಯ ಪಟ್ಟಿಯಲ್ಲಿ ಸಸ್ಯತೈಲ: ಗಾಯಕ್ಕೊಂದು ಹೊಸ ಹೊದಿಕೆ

ಗಾಯ ಒಣಗಿದಷ್ಟೂ ಬೇಗ ಮಾಯುತ್ತದೆ ಎಂಬ ನಂಬಿಕೆ ಬಲು ಹಳೆಯದು. ಆದರೆ ವಿಜ್ಞಾನಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆಳುಪದರದಿಂದ ಮುಚ್ಚಿ ತೇವವಾಗಿರಿಸಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆಯಿತು. ತೇವ ಕಾಪಾಡುವ ಆಧುನಿಕ ಪಟ್ಟಿಗಳಿಗೆ ಅದೇ ಬುನಾದಿ.

ನಿಸರ್ಗದ ಪಾಲಿಮರ್

ಇಂಥ ಪಟ್ಟಿಗಳಿಗೆ ಬಳಕೆಯಾಗುವ ನೈಸರ್ಗಿಕ ಪಾಲಿಮರ್‌ಗಳಲ್ಲಿ ಎರಡು ಪ್ರಮುಖ. ಕಂದು ಕಡಲಕಳೆಯಿಂದ ಆಲ್ಜಿನೇಟ್, ಸೀಗಡಿ ಹಾಗೂ ಏಡಿಗಳ ಚಿಪ್ಪಿನಿಂದ ಕೈಟೋಸಾನ್ ದೊರೆಯುತ್ತದೆ. ಕ್ಯಾಲ್ಸಿಯಂ ಆಲ್ಜಿನೇಟ್ ಗಾಯದಿಂದ ಒಸರುವ ದ್ರವದಲ್ಲಿನ ಸೋಡಿಯಂ ಅನ್ನು ಪಡೆದು ಮೃದುವಾದ ಲೋಳೆಯಾಗುತ್ತದೆ. ದ್ರವವನ್ನು ಹೀರಿಕೊಂಡರೂ ತೇವವನ್ನು ಉಳಿಸುತ್ತದೆ. ಪಟ್ಟಿ ಬಿಚ್ಚುವಾಗ ಚರ್ಮ ಕಿತ್ತುಬರುವುದಿಲ್ಲ. ಕೈಟೋಸಾನ್ ರಕ್ತಸ್ರಾವ ತಡೆಯಲು ನೆರವಾಗುತ್ತದೆ.

ತೈಲವೇಕೆ?

ಆಲ್ಜಿನೇಟ್ ತಾನಾಗಿ ರೋಗಾಣುಗಳನ್ನು ಕೊಲ್ಲುವುದಿಲ್ಲ. ಪ್ರತಿಜೀವಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವುದರಿಂದ ಸಂಶೋಧಕರ ದೃಷ್ಟಿ ಸುಗಂಧ ತೈಲಗಳತ್ತ ಹೊರಳಿದೆ. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್‌ನಂಥ ಅಂಶಗಳು ಸೂಕ್ಷ್ಮಾಣುಗಳ ಹೊರಪೊರೆಯನ್ನು ಹಾನಿಗೊಳಿಸುತ್ತವೆ. ಆದರೆ ಈ ತೈಲಗಳು ಬೇಗ ಆವಿಯಾಗುತ್ತವೆ, ನೀರಿನಲ್ಲಿ ಬೆರೆಯುವುದಿಲ್ಲ. ಪಾಲಿಮರ್ ದ್ರಾವಣದಲ್ಲಿ ಸಣ್ಣ ಹನಿಗಳಾಗಿ ಕಲಕಿ ಒಣಗಿಸಿದರೆ, ತೈಲ ತೆಳುಹಾಳೆಯೊಳಗೆ ಸೆರೆಯಾಗಿ ನಿಧಾನವಾಗಿ ಹೊರಬರುತ್ತದೆ. ಈ ತಂತ್ರದ ತಿರುಳು ಇಷ್ಟೇ.

ಪ್ರಯೋಗಗಳ ಫಲ

ಇಟಲಿಯ ಜಿನೋವಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಲ್ಚಿನ್ನಿ, ಪುದೀನ, ಮಜ್ಜಿಗೆ ಹುಲ್ಲು, ನೀಲಗಿರಿ, ಲ್ಯಾವೆಂಡರ್ ಮುಂತಾದ ತೈಲಗಳನ್ನು ಸೋಡಿಯಂ ಆಲ್ಜಿನೇಟ್ ಹಾಳೆಗಳಲ್ಲಿ ಸೇರಿಸಲಾಯಿತು. ಇ.ಕೋಲಿ ಬ್ಯಾಕ್ಟೀರಿಯಾ ಹಾಗೂ ಕ್ಯಾಂಡಿಡಾ ಶಿಲೀಂಧ್ರದ ಮೇಲೆ ಪರೀಕ್ಷಿಸಿದಾಗ, ಪರಿಣಾಮವು ತೈಲದ ಬಗೆ ಹಾಗೂ ಪ್ರಮಾಣಕ್ಕೆ ತಕ್ಕಂತೆ ಬದಲಾಯಿತು. 2016ರಲ್ಲಿ ಆಲ್ಜಿನೇಟ್-ಲ್ಯಾವೆಂಡರ್ ನೂಲುಗಳು ನೇರಳಾತೀತ ಕಿರಣದಿಂದಾದ ಸುಟ್ಟಗಾಯದ ಉರಿಯೂತವನ್ನು ತಗ್ಗಿಸಿದ ವರದಿಯೂ ಪ್ರಕಟವಾಯಿತು.

ಎಚ್ಚರಿಕೆ ಅಗತ್ಯ

ಆಲ್ಜಿನೇಟ್ ಹಾಗೂ ಕೈಟೋಸಾನ್ ಪಟ್ಟಿಗಳು ಈಗಾಗಲೇ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಸುಗಂಧ ತೈಲ ಬೆರೆಸಿದವು ಮಾತ್ರ ಬಹುಮಟ್ಟಿಗೆ ಪ್ರಯೋಗಾಲಯದ ಹಂತದಲ್ಲಿವೆ. ತೈಲ ಹೆಚ್ಚಾದರೆ ಚರ್ಮದ ಆರೋಗ್ಯಕರ ಜೀವಕೋಶಗಳಿಗೂ ಹಾನಿ. ಟೀ ಟ್ರೀ ತೈಲದಿಂದ ಕೆಲವರಿಗೆ ಅಲರ್ಜಿ ಉಂಟಾಗುತ್ತದೆ. ಆದ್ದರಿಂದ ಈ ಸಂಶೋಧನೆಗಳನ್ನು ನಂಬಿ ಶೀಶೆಯ ತೈಲವನ್ನು ತೆರೆದ ಗಾಯಕ್ಕೆ ನೇರವಾಗಿ ಸುರಿಯುವುದು ಸಲ್ಲದು. ಪಾದದಲ್ಲಿ ಹುಣ್ಣಾದ ಮಧುಮೇಹಿಗಳಂತೂ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.