ಅರ್ಜಿಯಲ್ಲಿ ತುಂಬಿದ ಮಾಹಿತಿ ಎಲ್ಲಿ ಕಳೆದುಹೋಗುತ್ತದೆ? ಸ್ಪ್ರಿಂಗ್ ಬೈಂಡಿಂಗ್ ದೋಷಗಳ ಪತ್ತೆ

ಜಾಲತಾಣವೊಂದರಲ್ಲಿ ಉದ್ದನೆಯ ಅರ್ಜಿ ತುಂಬಿ 'ಸಲ್ಲಿಸು' ಗುಂಡಿ ಒತ್ತಿದೊಡನೆ '400 ಬ್ಯಾಡ್ ರಿಕ್ವೆಸ್ಟ್' ಎಂಬ ಪುಟ ಮೂಡುತ್ತದೆ, ತುಂಬಿದ್ದೆಲ್ಲವೂ ಮಾಯ. ಅರ್ಜಿದಾರರು ತಪ್ಪು ತಮ್ಮದೇ ಎಂದು ಭಾವಿಸುತ್ತಾರೆ. ಆದರೆ ಅನೇಕ ವೇಳೆ ದೋಷವಿರುವುದು ಬಂದ ಮಾಹಿತಿಯನ್ನು ತಂತ್ರಾಂಶದೊಳಗೆ ಜೋಡಿಸುವ ಹಂತದಲ್ಲಿ. ಇದಕ್ಕೆ ಡೇಟಾ ಬೈಂಡಿಂಗ್ ಎಂದು ಹೆಸರು. ಜಾವಾ ಭಾಷೆಯ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಇಂಥ ದೋಷಗಳನ್ನು ಹುಡುಕುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಬ್ರೌಸರ್ ಕಳುಹಿಸುವ ವಯಸ್ಸು, ದಿನಾಂಕ, ಮೊತ್ತ ಎಲ್ಲವೂ ಬರಿಯ ಪಠ್ಯ. ಸ್ಪ್ರಿಂಗ್ ಪ್ರತಿಯೊಂದು ಫೀಲ್ಡಿನ ಹೆಸರಿಗೆ ಹೊಂದುವ ಪ್ರಾಪರ್ಟಿಯನ್ನು ಜಾವಾ ಆಬ್ಜೆಕ್ಟಿನಲ್ಲಿ ಹುಡುಕಿ, ಪಠ್ಯವನ್ನು ತಕ್ಕ ವಿಧಕ್ಕೆ ಪರಿವರ್ತಿಸಿ, ಸೆಟರ್ ಮೂಲಕ ಅಲ್ಲಿ ಇರಿಸುತ್ತದೆ.

ಹೆಸರು ಹೊಂದದಿದ್ದರೆ

ಹೊಂದುವ ಪ್ರಾಪರ್ಟಿ ಸಿಗದಿದ್ದರೆ ಸ್ಪ್ರಿಂಗ್ ಸಾಮಾನ್ಯವಾಗಿ ದೂರುವುದಿಲ್ಲ, ಆ ಫೀಲ್ಡನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ದೋಷಸಂದೇಶವಿಲ್ಲದೆ ಮೌಲ್ಯ ಖಾಲಿಯಾಗಿದ್ದರೆ ಮೊದಲು ಕಾಗುಣಿತವನ್ನು, ದೊಡ್ಡಕ್ಷರ-ಚಿಕ್ಕಕ್ಷರಗಳನ್ನು, ಸೆಟರ್ ಇದೆಯೇ ಎಂಬುದನ್ನು ಪರೀಕ್ಷಿಸಬೇಕು. 'ನೇಮ್' ಗುಣವಿಲ್ಲದೆ 'ಐಡಿ' ಮಾತ್ರ ಇರುವ ಫೀಲ್ಡನ್ನು ಬ್ರೌಸರ್ ಕಳುಹಿಸುವುದೇ ಇಲ್ಲ. ಗುರುತು ಹಾಕದ ಚೆಕ್‌ಬಾಕ್ಸ್ ಕೂಡ ಬರುವುದಿಲ್ಲ. ಆದ್ದರಿಂದಲೇ ಸ್ಪ್ರಿಂಗ್‌ನ ಚೆಕ್‌ಬಾಕ್ಸ್ ಟ್ಯಾಗ್ ಅಡಿಗೆರೆಯಿಂದ ಆರಂಭವಾಗುವ ಗುಪ್ತ ಫೀಲ್ಡೊಂದನ್ನು ತಾನೇ ಸೇರಿಸುತ್ತದೆ.

ವಿಧ ಹೊಂದದಿದ್ದರೆ

ಇಲ್ಲಿ 'ಟೈಪ್‌ಮಿಸ್‌ಮ್ಯಾಚ್' ದೋಷ ದಾಖಲಾಗುತ್ತದೆ. ಖಾಲಿ ಬಿಟ್ಟ ವಯಸ್ಸನ್ನು 'ಇಂಟ್' ವಿಧಕ್ಕೆ ಪರಿವರ್ತಿಸಲಾಗದು. ಖಾಲಿ ಬಿಡಬಹುದಾದ ಫೀಲ್ಡಿಗೆ 'ಇಂಟೀಜರ್' ಬಳಸುವುದು ಸೂಕ್ತ. ದಿನಾಂಕದ ಮಾದರಿಯನ್ನು 'ಡೇಟ್‌ಟೈಮ್‌ಫಾರ್ಮ್ಯಾಟ್' ಮೂಲಕ ತಿಳಿಸಬೇಕು. ಅದರಲ್ಲಿ ದೊಡ್ಡಕ್ಷರದ 'ಎಂ' ತಿಂಗಳನ್ನು, ಚಿಕ್ಕಕ್ಷರದ್ದು ನಿಮಿಷವನ್ನು ಸೂಚಿಸುತ್ತದೆ. ಎಚ್‌ಟಿಎಂಎಲ್‌ನ ದಿನಾಂಕ ಫೀಲ್ಡು ಪರದೆಯ ಮೇಲೆ ಹೇಗೇ ಕಾಣಿಸಲಿ, ಕಳುಹಿಸುವುದು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿಯೇ.

400 ದೋಷ ಏಕೆ?

ದೋಷಗಳ ಪಟ್ಟಿಯನ್ನು ಹಿಡಿದಿಡುವ 'ಬೈಂಡಿಂಗ್‌ರಿಸಲ್ಟ್', ಮೆಥಡ್‌ನಲ್ಲಿ ನಮೂನೆಯ ಆಬ್ಜೆಕ್ಟ್ ಆದ ತಕ್ಷಣವೇ ಬರಬೇಕು. ನಡುವೆ ಬೇರೊಂದು ಪ್ಯಾರಾಮೀಟರ್ ಬಂದರೆ ದೋಷ ಮೆಥಡ್ ತಲುಪದೆ 400 ಪುಟವಾಗಿ ಹೊರಬೀಳುತ್ತದೆ. ಸರಿಯಾದ ಸ್ಥಾನದಲ್ಲಿದ್ದರೆ ಅದೇ ಪುಟವನ್ನು ಮತ್ತೆ ತೋರಿಸಬಹುದು. ಸ್ಪ್ರಿಂಗ್‌ನ ನಮೂನೆ ಟ್ಯಾಗ್‌ಗಳು ಬಳಕೆದಾರರು ತುಂಬಿದ ತಪ್ಪು ಮೌಲ್ಯವನ್ನೂ ಹಾಗೆಯೇ ಉಳಿಸಿಕೊಡುತ್ತವೆ. ದೋಷವಿದ್ದಾಗ ರೀಡೈರೆಕ್ಟ್ ಮಾಡಿದರೆ ಈ ಅನುಕೂಲ ತಪ್ಪಿಹೋಗುತ್ತದೆ.

ನಮೂನೆಯ ಪುಟವೇ ತೆರೆಯದೆ, ಬೈಂಡಿಂಗ್‌ರಿಸಲ್ಟ್ ಆಗಲಿ ಮೂಲ ಆಬ್ಜೆಕ್ಟ್ ಆಗಲಿ ಸಿಗಲಿಲ್ಲವೆಂಬ ಸಂದೇಶ ಬಂದರೆ, ಮಾಡೆಲ್‌ಗೆ ಸೇರಿಸಿದ ಹೆಸರೂ ಪುಟದಲ್ಲಿ ಬಳಸಿದ ಹೆಸರೂ ಒಂದೇ ಆಗಿವೆಯೇ ಎಂದು ನೋಡಬೇಕು.

ಅತಿಯಾದ ಜೋಡಣೆಯ ಅಪಾಯ

ಜೋಡಣೆ ಆಗದಿರುವುದಕ್ಕಿಂತ ಬೇಡದ್ದು ಜೋಡಣೆಯಾಗುವುದು ಹೆಚ್ಚು ಅಪಾಯಕಾರಿ. ಡೇಟಾಬೇಸಿನ ಬಳಕೆದಾರ ಆಬ್ಜೆಕ್ಟನ್ನೇ ನಮೂನೆಗೆ ಬಳಸಿದರೆ, ಪುಟದಲ್ಲಿ ಇಲ್ಲದ 'ಅಡ್ಮಿನ್' ಎಂಬ ಫೀಲ್ಡನ್ನು ಕಿಡಿಗೇಡಿಗಳು ತಾವೇ ಸೇರಿಸಿ ಕಳುಹಿಸಬಹುದು. 2022ರ ಮಾರ್ಚ್ 31ರಂದು ಪ್ರಕಟಣೆ ಹೊರಬಿದ್ದ 'ಸ್ಪ್ರಿಂಗ್4ಶೆಲ್' ಭದ್ರತಾ ಲೋಪ ಹುಟ್ಟಿದ್ದೂ ಬೈಂಡಿಂಗ್‌ನಿಂದಲೇ. ಜಾವಾ 9 ಅಥವಾ ನಂತರದ ಆವೃತ್ತಿಯೊಡನೆ ಟಾಮ್‌ಕ್ಯಾಟ್ ಸರ್ವರಿನಲ್ಲಿ 'ವಾರ್' ಕಡತವಾಗಿ ಸ್ಥಾಪಿಸಿದ ತಂತ್ರಾಂಶಗಳಲ್ಲಿ, ಫೀಲ್ಡಿನ ಹೆಸರಿನ ಮೂಲಕವೇ ಸರ್ವರಿನ ಒಳವ್ಯವಸ್ಥೆಯನ್ನು ತಲುಪಲು ಅದು ದಾರಿ ಮಾಡಿಕೊಟ್ಟಿತ್ತು. 5.3.18 ಮತ್ತು 5.2.20 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಆದ್ದರಿಂದ ಪ್ರತಿ ನಮೂನೆಗೂ ಬೇಕಾದಷ್ಟೇ ಫೀಲ್ಡುಗಳಿರುವ ಪ್ರತ್ಯೇಕ ಕ್ಲಾಸ್ ರಚಿಸುವುದು ಲೇಸು. ಅದು ಸಾಧ್ಯವಿಲ್ಲದಿದ್ದರೆ 'ಇನಿಟ್‌ಬೈಂಡರ್' ಮೆಥಡ್‌ನಲ್ಲಿ ಅನುಮತಿಸಿದ ಫೀಲ್ಡುಗಳ ಪಟ್ಟಿಯನ್ನು ಕೊಡಬೇಕು. ಹೀಗೆ ಮಾಡಿದ ಮೇಲೆ ಹೊಸ ಫೀಲ್ಡೊಂದರ ಮೌಲ್ಯ ಬಾರದಿದ್ದರೆ, ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನೇ.