ನಲವತ್ತರಲ್ಲಿ ಶಿಷ್ಯ

ನಲ್ಲಿ ತಿರುಗಿಸಿ ನೀರು ಹಿಡಿಯುವಾಗ ಅದರ ಹಿಂದಿರುವ ಕಸುಬನ್ನು ನೆನೆಯುವವರು ವಿರಳ. ನಲ್ಲಿ ಸೋರತೊಡಗಿದ ದಿನ ಮಾತ್ರ ಪ್ಲಂಬರನ ನೆನಪಾಗುತ್ತದೆ. ನಾನೂ ಬಾಳಿನ ಮೂವತ್ತೊಂಬತ್ತು ವರ್ಷ ಹಾಗೆಯೇ ಇದ್ದವನು. ಬೆಂಗಳೂರಿನ ಒಂದು ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತೆಯಾಗಿದ್ದೆ. 1996ರಲ್ಲಿ ಗಿರಣಿ ಮುಚ್ಚಿತು. ಆ ವಯಸ್ಸಿನ ಗುಮಾಸ್ತೆ ಯಾರಿಗೂ ಬೇಕಾಗಿರಲಿಲ್ಲ. ಊರಿನಲ್ಲಿ ಎಲ್ಲೆಲ್ಲಿಯೂ ಮನೆಗಳು ಏಳುತ್ತಿದ್ದವು, ಪ್ಲಂಬರುಗಳು ಬೇಕಾಗಿದ್ದರು. ಬಡಾವಣೆಯ ಒಬ್ಬ ಮೇಸ್ತ್ರಿಯ ಕೈಕೆಳಗೆ ನಾನು ಶಿಷ್ಯನಾಗಿ ಸೇರಿದೆ. ಆತ ನನಗಿಂತ ಹನ್ನೆರಡು ವರ್ಷ ಚಿಕ್ಕವನು.

ಮೊದಲ ತಿಂಗಳು ಆತನಿಗೆ ನನ್ನನ್ನು ಬೈಯಲು ಸಂಕೋಚ, ನನಗೆ ಬೈಸಿಕೊಳ್ಳಲು ಸಂಕೋಚ. ಪೈಪನ್ನು ಹಿಡಿಕೆಯಲ್ಲಿ ಬಿಗಿದು, ಡೈ ಹಾಕಿ, ಎಣ್ಣೆ ಬಿಡುತ್ತ ಥ್ರೆಡ್ ಕೊರೆಯುವುದು, ಅದಕ್ಕೆ ಸಣಬಿನ ನಾರು ಸುತ್ತಿ ಎಲ್ಬೋ ಕೂಡಿಸುವುದು ನೋಡಲು ಸುಲಭ. ನಾರನ್ನು ನಾನು ತಿರುವಿನ ಎದುರು ದಿಕ್ಕಿಗೆ ಸುತ್ತುತ್ತಿದ್ದೆ. ಬಿಗಿಯುವಾಗ ಅದು ಬಿಚ್ಚಿಕೊಂಡು ಹೊರಗೆ ಬರುತ್ತಿತ್ತು. “ಲೆಕ್ಕ ತಪ್ಪಿದರೆ ರಬ್ಬರಿನಿಂದ ಅಳಿಸಬಹುದು ಸಾರ್, ಗೋಡೆಯೊಳಗೆ ಹೋದ ಪೈಪನ್ನು ಅಳಿಸೋಕಾಗಲ್ಲ” ಎಂದು ಆತ ಒಂದು ದಿನ ಹೇಳಿದ. ಅಂದಿನಿಂದ ನಮ್ಮ ನಡುವಿನ ಸಂಕೋಚ ಹರಿಯಿತು.

ಮನೆಯಲ್ಲಿ ಹರಿಯದ ಸಂಕೋಚವೊಂದಿತ್ತು. “ಓದಿ ಬರೆದವನು ಕಂಡವರ ಮನೆ ಬಚ್ಚಲಿಗೆ ಕೈ ಹಾಕ್ತೀಯೇನೋ?” ಎಂದರು ನನ್ನ ತಾಯಿ. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ವರ್ಷ ಕೈಕೆಲಸವಾದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಕಸುಬಿನ ಪರೀಕ್ಷೆಗೆ ಕುಳಿತೆ. ಸುತ್ತ ಇದ್ದವರೆಲ್ಲ ಹದಿನೆಂಟು ಇಪ್ಪತ್ತರ ಹುಡುಗರು. ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಯಾವನೋ ಹುಡುಗನ ತಂದೆಯೆಂದು ಬಗೆದು, ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿದರು. ಇದು ಹುಡುಗರಿಗಾಗಿ ಕಟ್ಟಿದ ಮನೆ, ನಾನು ಹಿತ್ತಿಲ ಬಾಗಿಲಿನಿಂದ ನುಸುಳಿದವನು ಎನಿಸಿತು. ಈ ಬಾಗಿಲನ್ನು ಮೊದಲು ಯಾರಿಗಾಗಿ ತೆರೆದರೆಂಬ ಕುತೂಹಲ ಅಲ್ಲಿಂದ ಹತ್ತಿಕೊಂಡಿತು. ಮುಂದೆ ಬಿಡುವಿನ ವೇಳೆಯಲ್ಲಿ ಗ್ರಂಥಾಲಯಗಳಲ್ಲಿ ಹುಡುಕಿದಾಗ ದೊರೆತದ್ದನ್ನು ಇಲ್ಲಿ ಹೇಳುತ್ತೇನೆ.

ಪ್ಲಂಬರ್ ಎಂಬ ಹೆಸರು ಸೀಸದಿಂದ ಬಂದದ್ದು. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ಪ್ಲಂಬಮ್ ಎಂದು ಹೆಸರು. ಸೀಸವನ್ನು ಕರಗಿಸಿ ಕೊಳವೆಗೂ ಮಾಳಿಗೆಯ ಹೊದಿಕೆಗೂ ಬೆಸೆಯುತ್ತಿದ್ದವನೇ ಹಿಂದಿನ ಪ್ಲಂಬರು. ಲಂಡನ್ ನಗರದ ಪ್ಲಂಬರುಗಳ ಸಂಘಕ್ಕೆ 1365ರಲ್ಲಿಯೇ ಕಟ್ಟಳೆಗಳಿದ್ದವು. 1611ರಲ್ಲಿ ಒಂದನೆಯ ಜೇಮ್ಸ್ ದೊರೆ ಅದಕ್ಕೆ ಸನ್ನದು ಕೊಟ್ಟ. ಈ ನಡುವೆ 1563ರ ಶಾಸನವೊಂದು, ಕಸುಬು ಮಾಡಬೇಕಾದವನು ಕನಿಷ್ಠ 7 ವರ್ಷ ಗುರುವಿನ ಬಳಿ ಶಿಷ್ಯನಾಗಿರಬೇಕೆಂದು ದೇಶಕ್ಕೆಲ್ಲ ವಿಧಿಸಿತು. ಶಿಷ್ಯನು ಗುರುವಿನ ಮನೆಯಲ್ಲಿ ಉಂಡು ಮಲಗಬೇಕು. ಅವಧಿ ಮುಗಿಯುವವರೆಗೆ ಮದುವೆಯಾಗಕೂಡದೆಂದು ಕರಾರುಪತ್ರಗಳಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಹೆಂಡತಿ ಮಕ್ಕಳನ್ನು ಹೊತ್ತ ನಲವತ್ತರ ಮನುಷ್ಯನಿಗೆ ಅಲ್ಲಿ ಎಡೆಯೆಲ್ಲಿ? ಕಸುಬಿಗೆ ಸೇರುವ ಕಾಲ ಬಾಲ್ಯ. ಅದು ಕಳೆಯಿತೆಂದರೆ ಬಾಗಿಲು ಮುಚ್ಚಿದಂತೆಯೇ.

ಆ ಶಾಸನದ ಶಿಷ್ಯತನದ ವಿಧಿ 1814ರಲ್ಲಿ ರದ್ದಾಯಿತು. ಮುಂದೆ ಕಸುಬುದಾರನ ಯೋಗ್ಯತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಯನ್ನು ರೋಗಗಳು ಎತ್ತಿದವು. 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ತೀರಿಕೊಂಡಾಗ ವೈದ್ಯರು ಅದು ವಿಷಮಶೀತಜ್ವರವೆಂದರು. ಹತ್ತು ವರ್ಷದ ಮೇಲೆ, 1871ರಲ್ಲಿ, ಯುವರಾಜ ಎಡ್ವರ್ಡನೂ ಅದೇ ಜ್ವರದಿಂದ ಸಾವಿನ ಹೊಸ್ತಿಲನ್ನು ಮುಟ್ಟಿಬಂದ. ಆತ ಅತಿಥಿಯಾಗಿ ತಂಗಿದ್ದ ಮನೆಯ ಕೆಟ್ಟ ಚರಂಡಿಗಳ ಮೇಲೆ ದೂರು ಬಿತ್ತು. ಅರಮನೆಗೂ ಗುಡಿಸಲಿಗೂ ಕೊಳಚೆ ಒಂದೇ ಎಂಬ ಅರಿವು ಜನಕ್ಕೆ ಮೂಡಿತು. 1878ರಲ್ಲಿ ಕಸುಬುಗಳಿಗೆ ಪರೀಕ್ಷೆ ನಡೆಸುವ ಸಂಸ್ಥೆಯೊಂದು ಲಂಡನ್ನಿನಲ್ಲಿ ಹುಟ್ಟಿತು. 1886ರಲ್ಲಿ ಪ್ಲಂಬರುಗಳ ಸಂಘವೇ ಅರ್ಹರ ಹೆಸರುಗಳನ್ನು ದಾಖಲಿಸುವ ಏರ್ಪಾಡು ಮಾಡಿತು. ಅದು ಕಡ್ಡಾಯವಾಗಿರಲಿಲ್ಲ. ಆದರೂ ‘ಯಾರ ಬಳಿ ಎಷ್ಟು ವರ್ಷ ಇದ್ದೆ?’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ನಿನಗೆ ಕೆಲಸ ಬರುತ್ತದೆಯೇ?’ ಎಂಬ ಪ್ರಶ್ನೆಗೂ ಸ್ಥಾನ ದೊರೆಯಿತು. ಎರಡನೆಯ ಪ್ರಶ್ನೆಗೆ ಯಾವ ವಯಸ್ಸಿನವನೂ ಉತ್ತರ ಕೊಡಬಲ್ಲ.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಕಸುಬು ಹುಟ್ಟಿನೊಡನೆ ಬರುತ್ತಿತ್ತು. ಕೊಳವೆ ನೀರಾದರೋ ಹೊಸದು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿ 1974ರಲ್ಲಿ. ಆದುದರಿಂದ ನಲ್ಲಿ ಕೂಡಿಸುವ ಕಸುಬಿಗೆ ಹುಟ್ಟಿನ ಒಡೆಯರಿರಲಿಲ್ಲ. ಕೊಳಚೆ ತೆಗೆಯುವ ಕೆಲಸವನ್ನು ಮಾತ್ರ ನಮ್ಮ ಸಮಾಜ ಕೆಲವರ ಹುಟ್ಟಿಗೆ ಕಟ್ಟಿಹಾಕಿತ್ತು. ನನ್ನ ತಾಯಿಯ ಮಾತಿನ ಹಿಂದೆ ಇದ್ದದ್ದು ಆ ಹಳೆಯ ಕಟ್ಟು. ಅದು ಅವರೊಬ್ಬರ ತಪ್ಪಲ್ಲ. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆನಲ್ಲ, ನನ್ನೊಳಗೂ ಅದು ಇತ್ತು.

ಇನ್ನು ನಾನು ಹುಡುಕುತ್ತಿದ್ದ ಬಾಗಿಲು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಭಾರತದ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಯುದ್ಧ ತೀರಿತು, ಸಿಪಾಯಿ ಊರಿಗೆ ಮರಳಿದ, ಮುಂದೇನು? ಬಂದೂಕು ಹಿಡಿದ ಕೈಗೆ ಬೇರೊಂದು ಉಪಕರಣ ಕೊಡಬೇಕಾಯಿತು. ಅದಕ್ಕೆಂದು 1945ರ ಜುಲೈಯಲ್ಲಿ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗದ ಮಹಾನಿರ್ದೇಶನಾಲಯವನ್ನು ತೆರೆಯಿತು. ಸೈನ್ಯದಿಂದ ಬಿಡುಗಡೆಯಾದವರಿಗೂ ಯುದ್ಧದ ಕಾರ್ಖಾನೆಗಳಿಂದ ಹೊರಬಿದ್ದವರಿಗೂ ಹೊಸ ಬದುಕನ್ನು ಒದಗಿಸುವುದೇ ಅದರ ಕೆಲಸ. 1947ರಲ್ಲಿ ದೇಶ ಒಡೆದಾಗ, ಮನೆ ಮಠ ಬಿಟ್ಟು ಬಂದವರ ಭಾರವೂ ಅದರ ಮೇಲೆಯೇ ಬಿತ್ತು. ಇವರಾರೂ ಹದಿನೈದರ ಹುಡುಗರಲ್ಲ. ಹಿಂದಿನ ಬದುಕು ಕೈಬಿಟ್ಟು, ನಡುವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಹೊರಟವರು ಅವರಲ್ಲಿ ಎಷ್ಟೋ ಮಂದಿ. ಈ ಬೇರಿನಿಂದಲೇ 1950ರ ಕುಶಲಕರ್ಮಿ ತರಬೇತಿ ಯೋಜನೆ ಚಿಗುರಿತು, ನಾವು ಐ.ಟಿ.ಐ. ಎಂದು ಕರೆಯುವ ಸಂಸ್ಥೆಗಳು ಬೆಳೆದವು. ಅವುಗಳ ದಿನನಿತ್ಯದ ಆಡಳಿತವನ್ನು ರಾಜ್ಯಗಳಿಗೆ ವಹಿಸಿದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ.

ಇದನ್ನು ಓದಿದ ಸಂಜೆ ಪರೀಕ್ಷೆಯ ಆ ಬೆಂಚು ನೆನಪಾಯಿತು. ಹುಡುಗರ ಮನೆಯೆಂದು ನಾನು ತಿಳಿದಿದ್ದುದರ ತಳಪಾಯವನ್ನು ನನ್ನಂಥ ಕೆಲಸ ಕಳೆದುಕೊಂಡವರಿಗಾಗಿ ಹಾಕಲಾಗಿತ್ತು. ಹುಡುಗರು ಆಮೇಲೆ ಬಂದವರು. ಬರಲಿ, ಮನೆ ದೊಡ್ಡದಾಗಲಿ. 2015ರಿಂದೀಚೆಗೆ, ಶಾಲೆಯ ಮೆಟ್ಟಿಲು ಹತ್ತದೆ ಕೈಯಿಂದಲೇ ಕಲಿತವರ ಕೌಶಲವನ್ನು ಅಳೆದು ಪ್ರಮಾಣಪತ್ರ ಕೊಡುವ ಕ್ರಮವೂ ಕೇಂದ್ರದ ಯೋಜನೆಯಲ್ಲಿ ಸೇರಿತು. ನನಗೆ ಕಸುಬು ಕಲಿಸಿದ ಮೇಸ್ತ್ರಿಯ ಬಳಿ ಯಾವ ಕಾಗದವೂ ಇರಲಿಲ್ಲ. ಶಿಷ್ಯನಿಗೆ ಪತ್ರವುಂಟು, ಗುರುವಿಗಿಲ್ಲ ಎಂಬುದು ಬಹುಕಾಲ ನನ್ನನ್ನು ಚುಚ್ಚುತ್ತಿತ್ತು. ಆತ ಈಗ ಪತ್ರ ಪಡೆದಿದ್ದಾನೆ.

ನನ್ನ ಪ್ರಮಾಣಪತ್ರ ಬಂದ ದಿನ ತಾಯಿಯ ಕೈಗೆ ಕೊಟ್ಟೆ. ಅವರು ಅದನ್ನು ಓದಿ, ಮಡಿಸಿ, ದೇವರ ಗೂಡಿನ ಪಕ್ಕ ಇಟ್ಟರು. ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ, “ನಮ್ಮ ಬಚ್ಚಲ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ ಕಣೋ, ಒಂದಿಷ್ಟು ನೋಡು” ಎಂದರು.